ಐಸು, ಕಲ್ಲುಪ್ಪು ಮತ್ತು ವಾಚ್‌ಮನ್ ಅಜ್ಜ

ಸೋಮವಾರ ಪಿಎಚ್‌ಡಿ ವೈವಾ ಮುಗಿಯಿತು. ಸೇವಂತಿಗೆ ಎಸಳಿನ ಬಣ್ಣದ ಹಿಂದೆ ಆರು ವರ್ಷ ಬಿದ್ದಿದ್ದೆ. ದಾವಣಗೆರೆಗೆ ಬಂದಾಗ ಮೂರೇ ವರ್ಷ ಅಂದುಕೊಂಡಿದ್ದೆ.

ಗೈಡ್ ಮೇಡಂ, ಲ್ಯಾಬಿನ ಗೆಳೆಯರು, ಹಿರಿಯೂರಿನಿಂದ ಬೆಳಗಿನ ಬಸ್ಸಿಗೆ ಹೂ ಹಾಕಿ ಕಳಿಸುತ್ತಿದ್ದ ಮಾವ, ಫೀಸು ಕಟ್ಟಲು ಬಳೆ ಅಡವಿಟ್ಟ ಅವ್ವ, ಎಲ್ಲರಿಗೂ ಕೈ ಮುಗಿಯುತ್ತೇನೆ. ಅವ್ವನ ಬಗ್ಗೆ ಜಾಸ್ತಿ ಬರೆದರೆ ಬೈಯುತ್ತಾಳೆ, ಬಿಡಿ.

ಬರೆಯಬೇಕಿರುವುದು ನಮ್ಮ ಲ್ಯಾಬಿನ ವಾಚ್‌ಮನ್ ಅಜ್ಜನ ಬಗ್ಗೆ.

ಒಂದು ರಾತ್ರಿ ಲ್ಯಾಬಿನ ಫ್ರೀಜರ್ ಕೆಟ್ಟಿತು. ಮೈನಸ್ 80 ಡಿಗ್ರಿಯಲ್ಲಿ ಇರಬೇಕಾದ ಎಸಳಿನ ಪುಡಿ ಕರಗಿದರೆ ಅದರೊಳಗಿನ ಕಿಣ್ವಗಳ, ಅಂದರೆ ಎಂಜೈಮ್‌ಗಳ, ಕಥೆ ಮುಗೀತು. ನಾನು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಅಜ್ಜ ಹರೆಯದಲ್ಲಿ ಕುಲ್ಫಿ ಮಾರಿದವರು. “ಐಸಿಗೆ ಕಲ್ಲುಪ್ಪು ಹಾಕವ್ವಾ, ನಮ್ಮ ಕುಲ್ಫಿ ಹಂಗೇ ಗಟ್ಟಿ ಆಗ್ತಿತ್ತು” ಎಂದರು. ಐಸ್ ಫ್ಯಾಕ್ಟರಿಯವರನ್ನು ಎಬ್ಬಿಸಿ ಸೈಕಲ್ ಮೇಲೆ ಎರಡು ಗೋಣಿ ಐಸು ತಂದರು. ಉಪ್ಪು ಬೆರೆತ ಐಸು ಮೈನಸ್ 20ರ ಹತ್ತಿರ ಇಳಿಯುತ್ತೆ. ನಾನೂ ಓದಿದ್ದೆ, ಆ ಹೊತ್ತಿಗೆ ತಲೆಗೆ ಬರಲಿಲ್ಲ ಅಷ್ಟೇ. ಬೆಳಗಿನವರೆಗೆ ಅಜ್ಜ ನೀರು ಬಸಿಯುತ್ತಾ ಐಸು ತುಂಬುತ್ತಾ ಕೂತರು. ಬೆರಳು ಮರಗಟ್ಟಿ ಬೀಡಿ ಹಚ್ಚಲಾಗಲಿಲ್ಲ. ಕಡ್ಡಿ ನಾನೇ ಗೀರಿದೆ.

“ಬಿಳಿ ಹೂವಲ್ಲಿ ಬಣ್ಣಾನೇ ಇಲ್ಲ, ಏನು ಹುಡುಕ್ತೀಯವ್ವಾ?” ಅಂತ ಕೇಳಿದರು.

ಬಿಳಿ ಸೇವಂತಿಗೆಯ ಎಸಳೂ ಹಳದಿ ಬಣ್ಣ ತಯಾರಿಸುತ್ತೆ ಅಜ್ಜ, ಆದರೆ ಅಲ್ಲೇ ಇರುವ ಇನ್ನೊಂದು ಕಿಣ್ವ ಅದನ್ನು ಕತ್ತರಿಸಿ ಹಾಕುತ್ತೆ ಎಂದೆ. 2006ರಲ್ಲಿ ಜಪಾನಿನವರು ಆ ಕಿಣ್ವ ಹುಟ್ಟದಂತೆ ತಡೆದರು, ಬಿಳಿ ಹೂವಿನ ಗಿಡ ಹಳದಿ ಹೂ ಬಿಟ್ಟಿತು.

“ಹಂಗಾದ್ರೆ ಒಬ್ಬರು ದುಡಿದು ತಂದಿದ್ದನ್ನ ಮನೆಯೊಳಗೇ ಇನ್ನೊಬ್ಬ ಹಾಳು ಮಾಡ್ತಾನೆ ಅನ್ನು.”

ನನಗೆ ಅಪ್ಪ ನೆನಪಾದ. ಅವ್ವನ ಬಳೆಗಿಂತ ಮೊದಲು ಹೋದ ಸರ, ಓಲೆ ನೆನಪಾದವು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಜ್ಜ ಎದ್ದು ಇನ್ನೊಂದು ಬಕೆಟ್ ಐಸು ಸುರಿದರು.

ಎಸಳಿನ ಪುಡಿಯ ಅರ್ಧದಷ್ಟು ಟ್ಯೂಬ್ ಉಳಿದವು. ಪ್ರಬಂಧದ ಮೂರನೇ ಅಧ್ಯಾಯ ನಿಂತಿರುವುದು ಅವುಗಳ ಮೇಲೆಯೇ.

ಸೋಮವಾರ ಸಂಜೆ ಅಜ್ಜನನ್ನು ಬೆಣ್ಣೆ ದೋಸೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಅವರು ಹೂವಿನವಳ ಮುಂದೆ ನಿಂತು ನನಗೆ ಅಂತ ಎರಡು ಮೊಳ ಸೇವಂತಿಗೆ ಅಳೆಸಿದರು. ಅವಳು ಬಿಳಿ ಮಾಲೆಗೆ ಕೈ ಹಾಕಿದಳು.

“ಅದು ಬ್ಯಾಡವ್ವಾ, ಹಳದೀದೇ ಕೊಡು. ಅದರ ಮನೆ ಕಥೆ ನಮಗೆ ಗೊತ್ತೈತಿ.”