ಭಾನುವಾರದ ಓದುಕೂಟ: ವಿಟೇಕರ್ ಚೇಂಬರ್ಸ್

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10.30ಕ್ಕೆ ಆನ್‌ಲೈನ್‌ನಲ್ಲಿ ಸೇರೋಣ. ಲಿಂಕ್ ಶನಿವಾರ ರಾತ್ರಿ ಇಲ್ಲೇ ಹಾಕುತ್ತೇನೆ.

ಈ ಸಲ ಅಮೆರಿಕದ ವಿಟೇಕರ್ ಚೇಂಬರ್ಸ್ ಅವರ ಆತ್ಮಕಥೆ ‘ವಿಟ್ನೆಸ್’. 1925ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿ, ಆಮೇಲೆ ಸೋವಿಯತ್ ಪರ ಗೂಢಚಾರರಾಗಿ, 1938ರಲ್ಲಿ ಎಲ್ಲ ಬಿಟ್ಟು ತಲೆಮರೆಸಿಕೊಂಡವರು. ಸ್ಟಾಲಿನ್ ಕಾಲದ ‘ಶುದ್ಧೀಕರಣ’ದ, ಅಂದರೆ ಸ್ವಂತ ಪಕ್ಷದವರನ್ನೇ ಹಿಡಿದು ಕೊಲ್ಲಿಸುತ್ತಿದ್ದ ಸುದ್ದಿಗಳು ಅವರನ್ನು ಅಲುಗಾಡಿಸಿದ್ದವು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಜಾಗ. ಊಟ ಮಾಡುತ್ತಿದ್ದ ಪುಟ್ಟ ಮಗಳ ಕಿವಿಯ ಸುರುಳಿ ನೋಡುತ್ತಾ, ಇದು ಸುಮ್ನೆ ತಾನಾಗಿ ಆದದ್ದಲ್ಲ ಅಂತ ಅವರಿಗೆ ಅನ್ನಿಸುತ್ತದೆ. ನಾಸ್ತಿಕ ಮನುಷ್ಯ ದೇವರ ಕಡೆ ತಿರುಗಿದ್ದು ಅಲ್ಲಿಂದ. ಮುಂದೆ ಅವರು ಕ್ವೇಕರ್ ಎಂಬ ಕ್ರೈಸ್ತ ಪಂಗಡ ಸೇರಿದರು.

ಪುಸ್ತಕ ದಪ್ಪ, ಹೆದರಬೇಡಿ! ಮಕ್ಕಳಿಗೆ ಪತ್ರದ ರೂಪದಲ್ಲಿ ಬರೆದ ಮುನ್ನುಡಿ ಓದಿದರೆ ಸಾಕು. ಇಂಗ್ಲಿಷ್ ಕಷ್ಟ ಅನ್ನುವವರಿಗೆ ಶುರುವಿನಲ್ಲಿ ಕನ್ನಡದಲ್ಲೇ ಸಾರಾಂಶ ಹೇಳುತ್ತೇನೆ. ಕುಂಬಳಕಾಯಿಯೊಳಗೆ ಮೈಕ್ರೋಫಿಲ್ಮ್ ಬಚ್ಚಿಟ್ಟ ಕಥೆಯೂ ಅದರಲ್ಲಿ ಬರುತ್ತದೆ, ಬಿಡುವುದಿಲ್ಲ.

ಚೇಂಬರ್ಸ್ ಸೋವಿಯತ್ ಗೂಢಚಾರ ಎಂದು ಆರೋಪಿಸಿದ ಅಮೆರಿಕದ ಅಧಿಕಾರಿ ಆಲ್ಜರ್ ಹಿಸ್ ಕಡೆಯ ವಾದವನ್ನು ಯಾರಾದರೂ ಹತ್ತು ನಿಮಿಷ ಮಂಡಿಸಬೇಕು. ಗೂಢಚಾರಿಕೆ ಆರೋಪವನ್ನು ಹಿಸ್ 1996ರಲ್ಲಿ ಸಾಯುವವರೆಗೂ ಒಪ್ಪಲಿಲ್ಲ. 1950ರಲ್ಲಿ ಅವರಿಗೆ ಶಿಕ್ಷೆಯಾದದ್ದು ಸುಳ್ಳು ಸಾಕ್ಷಿಗೆ, ಗೂಢಚಾರಿಕೆಗಲ್ಲ. ಒಂದೇ ಕಡೆ ಕೇಳಿ ಎದ್ದರೆ ಚರ್ಚೆ ಸಪ್ಪೆ, ಅಲ್ವಾ?

ಇವತ್ತಿನ ಪಕ್ಷ ರಾಜಕೀಯ ದಯವಿಟ್ಟು ಬೇಡ. ಹೋದ ಸಲದ ಜಗಳವೇ ಜಾಸ್ತಿ ಆಯಿತು.

ಬರುವವರು ಶುಕ್ರವಾರದೊಳಗೆ ‘ಬರುತ್ತೇನೆ’ ಅಂತ ಹಾಕಿ. ಹಿಸ್ ಪರ ಮಾತಾಡುವವರು ಹೆಸರನ್ನೂ ಕೊಡಿ.