ಗೆಳೆಯಾ, ಬಾನೆಟ್ ಒಳಗೆ ನೀರು ಬಿಡುವ ಮುಂಚೆ ಇದನ್ನು ಓದು

ಪ್ರಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. ತಗೊಂಡಿರುವುದು ಹಳೇ ಕಾರು, ಬಾನೆಟ್ ಎತ್ತಿದರೆ ಒಳಗೆಲ್ಲ ಧೂಳು, ಜಿಡ್ಡು, ರಜೆ ಸಿಕ್ಕ ದಿನ ಪ್ರೆಶರ್ ವಾಷರ್ ಹಿಡಿದು ಒಂದೇ ಸಲಕ್ಕೆ ತೊಳೆದುಬಿಡುತ್ತೇನೆ ಅಂತ ಬರೆದಿದ್ದೀಯ. ಕ್ಲೀನ್ ಮಾಡಬೇಕು ಅನ್ನುವುದು ಸರಿ. ಪ್ರೆಶರ್ ವಾಷರ್ ಮಾತ್ರ ದಯವಿಟ್ಟು ಮುಟ್ಟಬೇಡ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇದೇ ಯೋಚನೆಯಲ್ಲಿ ಇರುವ ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಎಲ್ಲರೂ ಓದುವ ಹಾಗೆ ಹಾಕಿದ್ದೇನೆ.

ಎಂಜಿನ್ ಕ್ಲೀನ್ ಮಾಡಿದರೆ ಮೈಲೇಜ್ ಜಾಸ್ತಿ ಆಗುವುದಿಲ್ಲ, ಪಿಕಪ್ಪೂ ಜಾಸ್ತಿ ಆಗುವುದಿಲ್ಲ. ಸಿಗುವ ಲಾಭವೇ ಬೇರೆ. ಎಲ್ಲಿ ಏನು ಸೋರುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ವರ್ಷಗಟ್ಟಲೆ ಕಟ್ಟಿದ ಕಪ್ಪು ಜಿಡ್ಡಿನ ಮೇಲೆ ಇವತ್ತು ಹೊಸದಾಗಿ ಎಣ್ಣೆ ಒಸರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬಿರುಕು ಬಿಟ್ಟ ರಬ್ಬರ್ ಪೈಪು, ಇಲಿ ಕಡಿದ ವೈರು ಎಲ್ಲ ಆ ಕೊಳೆಯ ಅಡಿಯಲ್ಲೇ ಉಳಿದುಬಿಡುತ್ತವೆ. ಇನ್ನೊಂದು ಕಾರಣ ಬೆಂಕಿ. ಎಂಜಿನ್ನಿಗೆ ಅಂಟಿಕೊಂಡಿರುವ ಎಕ್ಸಾಸ್ಟ್ ಪೈಪು ನೂರಾರು ಡಿಗ್ರಿ ಕಾಯುತ್ತದೆ. ಅದರ ಹತ್ತಿರ ಒಣಗಿದ ಎಲೆ, ಇಲಿ ತಂದು ಗುಡ್ಡೆ ಹಾಕಿದ ಹುಲ್ಲು, ಎಣ್ಣೆ ಕುಡಿದ ಚಿಂದಿ ಇರಲೇಬಾರದು.

ಹಾಗಾಗಿ ಮೊದಲ ಕೆಲಸ ಫೋಟೋ ತೆಗೆಯುವುದು. ಏನನ್ನೂ ಒರೆಸುವ ಮುಂಚೆ ಟಾರ್ಚ್ ಬಿಟ್ಟು ಎಲ್ಲ ಕಡೆಯಿಂದ ತೆಗೆದಿಡು. ಎಲ್ಲಿ ಒಣ ಧೂಳು ಇದೆ, ಎಲ್ಲಿ ಹಸಿಯಾಗಿ ಎಣ್ಣೆ ಮಿನುಗುತ್ತಿದೆ ಅನ್ನುವುದು ಮುಖ್ಯ. ಒಮ್ಮೆ ಒರೆಸಿದ ಮೇಲೆ ಆ ಗುರುತು ಹೋಗಿಬಿಡುತ್ತದೆ, ಮೆಕ್ಯಾನಿಕ್‌ಗೆ ತೋರಿಸುವುದಕ್ಕೂ ಏನೂ ಉಳಿಯುವುದಿಲ್ಲ. ಯಾವ ಕವರ್ ಎಲ್ಲಿತ್ತು, ಯಾವ ಕ್ಲಿಪ್ ಹೇಗೆ ಕೂತಿತ್ತು ಅನ್ನುವುದಕ್ಕೂ ಈ ಫೋಟೋಗಳೇ ಆಧಾರ.

ಪ್ರೆಶರ್ ವಾಷರ್ ಯಾಕೆ ಬೇಡ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ "ಮಳೆಯಲ್ಲಿ ಓಡಿಸಿದಾಗ ಏನೂ ಆಗಲ್ವಲ್ಲ" ಅಂತ ನೀನು ಕೇಳೇ ಕೇಳುತ್ತೀಯ. ಮಳೆಯಲ್ಲಿ ನೀರು ಕೆಳಗಿನಿಂದ ಸಿಡಿಯುತ್ತದೆ. ಅದನ್ನು ತಡೆಯುವ ಹಾಗೇ ಕಾರನ್ನು ಮಾಡಿರುತ್ತಾರೆ. ಒಂದು ಕನೆಕ್ಟರನ್ನು, ಅಂದರೆ ವೈರುಗಳನ್ನು ಒಂದಕ್ಕೊಂದು ಜೋಡಿಸುವ ಪ್ಲಾಸ್ಟಿಕ್ ಪ್ಲಗ್ಗನ್ನು, ಹತ್ತಿರದಿಂದ ನೋಡು. ಎರಡು ಪ್ಲಾಸ್ಟಿಕ್ ತುಂಡು ಸೇರುವ ಕಡೆ ಒಳಗೆ ಒಂದು ತೆಳ್ಳನೆ ರಬ್ಬರ್ ಉಂಗುರ ಇರುತ್ತದೆ. ಪ್ರತಿ ವೈರು ಒಳಗೆ ಹೋಗುವ ತೂತಿನಲ್ಲೂ ಒಂದು ಪುಟ್ಟ ರಬ್ಬರ್ ಇರುತ್ತದೆ. ಸಿಡಿದ ನೀರಿಗೆ ಅಷ್ಟು ಸಾಕು. ಆದರೆ ಮನೆಯಲ್ಲಿ ಬಳಸುವ ಪ್ರೆಶರ್ ವಾಷರಿನ ಒತ್ತಡ ಸಾಮಾನ್ಯವಾಗಿ 100 ಬಾರ್ ದಾಟುತ್ತದೆ. ನಿನ್ನ ಟೈರಿನ ಒಳಗೆ ಇರುವುದು ಹೆಚ್ಚು ಕಡಿಮೆ 2 ಬಾರ್, ಲೆಕ್ಕ ಹಾಕಿಕೋ. ಆ ಧಾರೆ ರಬ್ಬರನ್ನು ಸರಿಸಿಕೊಂಡು ಒಳಗೆ ನುಗ್ಗುತ್ತದೆ. ನುಗ್ಗಿದ ನೀರನ್ನು ಅದೇ ರಬ್ಬರ್ ಹೊರಗೆ ಬಿಡುವುದಿಲ್ಲ. ಒಳಗಿನ ಪಿನ್ನು ನಿಧಾನಕ್ಕೆ ಹಸಿರುಗಟ್ಟುತ್ತದೆ. ತೊಳೆದ ದಿನ ಕಾರು ಚೆನ್ನಾಗೇ ಓಡುತ್ತದೆ, ಎಷ್ಟೋ ದಿನದ ಮೇಲೆ ಇದ್ದಕ್ಕಿದ್ದಂತೆ ಯಾವುದೋ ಸೆನ್ಸರ್ ಕೈಕೊಡುತ್ತದೆ. ತೊಳೆದದ್ದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಆಗ ಯಾರಿಗೂ ಹೊಳೆಯುವುದಿಲ್ಲ. ನಿನ್ನದು ಹಳೇ ಕಾರು ಬೇರೆ. ಬಿಸಿ ತಿಂದು ತಿಂದು ರಬ್ಬರ್ ಗಟ್ಟಿಯಾಗಿರುತ್ತದೆ, ಕ್ಲಿಪ್ಪುಗಳು ಮುಟ್ಟಿದರೆ ಮುರಿಯುವ ಹಾಗಿರುತ್ತವೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಇನ್ನೂ ಒಂದು ಸೂಕ್ಷ್ಮ ಜಾಗ ಇದೆ. ಎಷ್ಟೋ ಎಂಜಿನ್‌ಗಳಲ್ಲಿ ಸ್ಪಾರ್ಕ್ ಪ್ಲಗ್ಗುಗಳು ಆಳವಾದ ಗುಂಡಿಗಳ ತಳದಲ್ಲಿ ಕೂತಿರುತ್ತವೆ, ಮೇಲೆ ಅವಕ್ಕೆ ಕರೆಂಟು ಕೊಡುವ ಇಗ್ನಿಷನ್ ಕಾಯಿಲ್ ಮುಚ್ಚಳದ ಹಾಗೆ ಇರುತ್ತದೆ. ಆ ಗುಂಡಿಗೆ ನೀರು ಇಳಿದರೆ ತಾನಾಗಿ ಆರುವುದು ಕಷ್ಟ. ಕಿಡಿ ಹಾರಿಸಬೇಕಾದ ಕರೆಂಟು ಒದ್ದೆಯ ಮೂಲಕ ಬೇರೆ ದಾರಿ ಹಿಡಿಯುತ್ತದೆ, ಎಂಜಿನ್ ಮಿಸ್ ಹೊಡೆಯುತ್ತದೆ, ಅಂದರೆ ಒಳಗೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ. ಇಡೀ ಎಂಜಿನ್ ಬೇಯಲ್ಲಿ ನಾನು ಅತಿ ಜಾಸ್ತಿ ಹುಷಾರಾಗಿರುವುದು ಈ ಜಾಗದ ಸುತ್ತಲೇ. ಅಲ್ಲಿ ಒದ್ದೆ ಬಟ್ಟೆ ಬಿಟ್ಟರೆ ಬೇರೇನೂ ಬೇಡ.

ಈಗ ಕೆಲಸಕ್ಕೆ ಬರೋಣ. ಕಾರನ್ನು ನೆರಳಲ್ಲಿ ನಿಲ್ಲಿಸು. ಎಂಜಿನ್ ತಣ್ಣಗಾಗಿರಬೇಕು. ಬರಿಗೈ ಇಟ್ಟರೆ ಆರಾಮಾಗಿ ಇಟ್ಟುಕೊಂಡಿರಲು ಆಗಬೇಕು, ಅಷ್ಟು. ಸ್ವಲ್ಪ ಬೆಚ್ಚಗಿದ್ದರೆ ಜಿಡ್ಡು ಬೇಗ ಬಿಡುತ್ತದೆ ನಿಜ, ಆದರೆ ಕಾದ ಲೋಹದ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಜಿಡ್ಡು ಬಿಡಿಸಲು ಹಚ್ಚುವ ಡಿಗ್ರೀಸರ್ ಕೂಡ ಬಿಸಿಗೆ ಒಣಗಿ ಕಲೆ ಕಟ್ಟುತ್ತದೆ. ಕೀ ತೆಗೆದುಬಿಡು. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಕೀಯನ್ನು ಮನೆ ಒಳಗೆ ಇಟ್ಟು ಬಾ. ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗೇ ತಿರುಗಲು ಶುರು ಮಾಡುತ್ತದೆ, ಬೆರಳು ಅಲ್ಲಿರಬಾರದು. ಉಂಗುರ, ವಾಚು ಬಿಚ್ಚಿಡು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಬೇಕು. ಈ ಕ್ರಮ ತಪ್ಪಿಸಬೇಡ. ನೆಗೆಟಿವ್ ತಂತಿ ಕಾರಿನ ಲೋಹದ ಮೈಗೆ ಸೇರಿರುತ್ತದೆ. ಅದನ್ನು ಬಿಚ್ಚದೆ ಪಾಸಿಟಿವ್ ಬಿಚ್ಚಲು ಹೋಗಿ ಸ್ಪ್ಯಾನರ್ ಎಲ್ಲಾದರೂ ಆ ಲೋಹಕ್ಕೆ ತಾಗಿದರೆ ನೇರ ಶಾರ್ಟ್. ಬ್ಯಾಟರಿ ಹತ್ತಿರ ಹೈಡ್ರೋಜನ್ ಇರುವ ಸಾಧ್ಯತೆಯೂ ಇದೆ, ಕಿಡಿ ಹಾರಿದರೆ ಸ್ಫೋಟವೇ ಆಗಬಹುದು. ಈ ಕೆಲಸಕ್ಕೆ ನೆಗೆಟಿವ್ ಒಂದನ್ನೇ ಬಿಚ್ಚಿ, ಬಟ್ಟೆ ಸುತ್ತಿ ಪಕ್ಕಕ್ಕೆ ಇಟ್ಟರೆ ಸಾಕು. ಬಿಚ್ಚಿದರೆ ಗಡಿಯಾರ, ರೇಡಿಯೋ ಸೆಟ್ಟಿಂಗ್ ಅಳಿಸಿಹೋಗಬಹುದು. ಕೆಲವು ರೇಡಿಯೋ ಮತ್ತೆ ಕೋಡ್ ಕೇಳುತ್ತವೆ, ಮುಂಚೆಯೇ ಮ್ಯಾನುಯಲ್ ನೋಡಿಕೋ. ಬ್ಯಾಟರಿಗೆ ತಂತಿ ಸೇರುವ ಟರ್ಮಿನಲ್ ಮೇಲೆ ಬಿಳಿ ಅಥವಾ ನೀಲಿ ಪುಡಿ ಕಟ್ಟಿದ್ದರೆ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜು. ಬುರುಬುರು ನೊರೆ ಬರುತ್ತದೆ, ಅದು ಆಸಿಡ್ಡು ಸಾಯುತ್ತಿರುವ ಲಕ್ಷಣ. ಆ ನೀರು ಬ್ಯಾಟರಿ ಒಳಗೆ ಮಾತ್ರ ಇಳಿಯಬಾರದು. ಒರೆಸಿ ಒಣಗಿಸಿ, ತಂತಿ ಜೋಡಿಸಿದ ಮೇಲೆ ತೆಳ್ಳಗೆ ವ್ಯಾಸಲಿನ್ ಹಚ್ಚು.

ಆಮೇಲೆ ಒಣ ಕೆಲಸ. ಇದಕ್ಕೆ ಧಾರಾಳವಾಗಿ ಸಮಯ ಕೊಡು. ಎಲೆ, ಕಡ್ಡಿ, ಮಣ್ಣು ಎಲ್ಲ ಕೈಯಿಂದ ಆರಿಸು, ಮೆತ್ತನೆ ಬ್ರಷ್‌ನಿಂದ ಧೂಳು ಸಡಿಲ ಮಾಡಿ ವ್ಯಾಕ್ಯೂಮ್‌ನಿಂದ ಎಳೆದುಕೋ. ಮುಂದಿನ ಗಾಜಿನ ಕೆಳಗೆ, ವೈಪರ್ ಬುಡದಲ್ಲಿ ಒಂದು ಕಾಲುವೆ ಇದೆ ನೋಡು, ಅಲ್ಲಿ ಎಲೆ ತುಂಬಿಕೊಂಡರೆ ನೀರು ಹೋಗುವ ತೂತು ಕಟ್ಟಿಕೊಂಡು, ಮಳೆಗಾಲದಲ್ಲಿ ಕಾರಿನ ಒಳಗೇ ಸೋರುತ್ತದೆ. ಅದನ್ನು ಬಿಡಿಸಿದರೆ ಅದೇ ಒಂದು ದೊಡ್ಡ ಕೆಲಸ ಆದಂತೆ.

ಈಗ ಮುಚ್ಚುವ ಸರದಿ. ಫ್ಯೂಸ್ ಬಾಕ್ಸ್, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಡಬ್ಬಿ, ಇಗ್ನಿಷನ್ ಕಾಯಿಲ್, ಏರ್ ಫಿಲ್ಟರಿಗೆ ಗಾಳಿ ಎಳೆದುಕೊಳ್ಳುವ ಬಾಯಿ, ಇವಕ್ಕೆಲ್ಲ ಪ್ಲಾಸ್ಟಿಕ್ ಚೀಲ ಹಾಕಿ ರಬ್ಬರ್ ಬ್ಯಾಂಡ್ ಬಿಗಿ. ಎಂಜಿನ್ ಆಯಿಲ್ ಮುಚ್ಚಳ, ಆಯಿಲ್ ಮಟ್ಟ ನೋಡುವ ಕಡ್ಡಿ (ಡಿಪ್‌ಸ್ಟಿಕ್), ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಕೂತಿವೆಯಾ ಅಂತ ಮುಟ್ಟಿ ನೋಡು. ಬ್ರೇಕ್ ಆಯಿಲಿಗೆ ನೀರು ಸೇರಿದರೆ ಅದು ಕುದಿಯುವ ಬಿಸಿಯೇ ಕಡಿಮೆಯಾಗುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಅದು ಒಳಗೇ ಕುದಿದರೆ ಬ್ರೇಕ್ ಹಿಡಿಯುವುದಿಲ್ಲ.

ಡಿಗ್ರೀಸರ್ ನೀರಿನಲ್ಲಿ ಕರಗುವಂಥದ್ದು ತಗೋ, ಡಬ್ಬಿ ಮೇಲೆ ಹೇಳಿದಷ್ಟೇ ನೀರು ಬೆರೆಸು. ಎಂಜಿನ್ ಮೇಲೆ ಎರಚುವ ಬದಲು ಬ್ರಷ್‌ಗೆ ಅಥವಾ ಬಟ್ಟೆಗೆ ಹಾಕಿಕೊಂಡು ಉಜ್ಜು. ಒಂದು ಸಲಕ್ಕೆ ಅಂಗೈ ಅಗಲದ ಜಾಗ ಸಾಕು. ಉಜ್ಜು, ಒಂದೆರಡು ನಿಮಿಷ ಬಿಡು, ಒಣಗುವ ಮುಂಚೆ ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸು, ಮುಂದಿನ ಜಾಗಕ್ಕೆ ಹೋಗು. ಬಕೆಟ್ ನೀರು ಕಪ್ಪಾದರೆ ಬದಲಾಯಿಸು. ನಿಧಾನ ಅನ್ನಿಸುತ್ತದೆ. ಆದರೆ ಹೀಗೆ ಮಾಡಿದಾಗಲೇ ಪ್ರತಿ ಪೈಪನ್ನೂ ಕೈಯಿಂದ ಮುಟ್ಟಿ ನೋಡಿದ ಹಾಗೆ ಆಗುತ್ತದೆ. ನೀರು ಬಿಟ್ಟು ತೊಳೆದರೆ ಆ ಅವಕಾಶವೇ ಇಲ್ಲ. ಕೆಳಗಿನ ಭಾಗದಲ್ಲಿ ಮಣ್ಣು ತುಂಬಾ ಮೆತ್ತಿದ್ದರೆ ಸ್ಪ್ರೇ ಬಾಟಲಿನಿಂದ ಸಣ್ಣಗೆ ನೀರು ಚಿಮುಕಿಸಿದರೆ ಆಯಿತು. ರೇಡಿಯೇಟರಿನ ತೆಳು ಹಾಳೆಗಳನ್ನು ಬ್ರಷ್‌ನಿಂದ ಒತ್ತಬೇಡ, ಮಡಚಿಕೊಳ್ಳುತ್ತವೆ. ಬಾನೆಟ್ ಒಳಮೈಗೆ ಅಂಟಿಸಿದ ದಪ್ಪ ಹತ್ತಿಯಂಥ ಹಾಸನ್ನು ನೆನೆಸಬೇಡ.

ಯಾರಾದರೂ ಪೆಟ್ರೋಲ್ ಹಚ್ಚಿ ಒರೆಸು, ಸೀಮೆಎಣ್ಣೆ ಹಚ್ಚಿ ಒರೆಸು ಅಂದರೆ ಕೇಳಬೇಡ. ಪೆಟ್ರೋಲಿನ ಆವಿ ಕೊರೆಯುವ ಚಳಿಯಲ್ಲೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆ, ಡೀಸೆಲ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಕಾಸ್ಟಿಕ್ ಸೋಡಾ, ಟಾಯ್ಲೆಟ್ ತೊಳೆಯುವ ಆಸಿಡ್ ಅಲ್ಯುಮಿನಿಯಮ್ಮನ್ನು ತಿಂದುಹಾಕುತ್ತವೆ. ಕೊನೆಗೆ ಹೊಳಪಿಗೆ ಅಂತ ಹಚ್ಚುವ ಎಣ್ಣೆಯಂಥ ಸ್ಪ್ರೇ ಕೂಡ ನನಗೆ ಇಷ್ಟವಿಲ್ಲ. ಅದರ ಮೇಲೆ ಧೂಳು ಬೇಗ ಕೂರುತ್ತದೆ, ಎಂಜಿನ್ನಿನ ಬೆಲ್ಟಿಗೆ ತಾಗಿದರೆ ಬೆಲ್ಟ್ ಜಾರುತ್ತದೆ.

ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರು ಇರುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಕೇಸರಿ ಬಣ್ಣದ ದಪ್ಪ ಕೇಬಲ್ ಕಂಡರೆ ಅದರಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಒಣ ಬಟ್ಟೆಯಲ್ಲಿ ಮೇಲಿನ ಪ್ಲಾಸ್ಟಿಕ್ ಕವರ್ ಒರೆಸಿ, ಉಳಿದದ್ದನ್ನು ಸರ್ವಿಸ್‌ನವರಿಗೆ ಬಿಡುವುದು ಒಳ್ಳೆಯದು.

ಒರೆಸಿದ ಕೊಳೆ ನೀರನ್ನು ಮಳೆನೀರಿನ ಚರಂಡಿಗೆ ಚೆಲ್ಲಬೇಡ, ಅದರಲ್ಲಿ ಎಣ್ಣೆ ಇರುತ್ತದೆ, ಹರಿದು ಕೆರೆಗೋ ಹೊಳೆಗೋ ಸೇರುತ್ತದೆ. ಕಾರಿನ ಕೆಳಗೆ ಹಳೇ ಬಟ್ಟೆ, ರಟ್ಟು ಹಾಸಿಕೊಂಡಿರು. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಏನಾದರೂ ಚೆಲ್ಲಿದರೆ ತಕ್ಷಣ ಒರೆಸು. ಅದು ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕುತ್ತವೆ, ಸ್ವಲ್ಪವೇ ಹೊಟ್ಟೆಗೆ ಹೋದರೂ ಸತ್ತುಹೋಗಬಹುದು.

ಎಲ್ಲ ಆದ ಮೇಲೆ ಒಣ ಬಟ್ಟೆಯಿಂದ ಒರೆಸಿ, ಸಂದುಗಳಿಗೆ ಬ್ಲೋವರ್ ಹಿಡಿ, ಬಾನೆಟ್ ತೆರೆದೇ ಒಂದೆರಡು ಗಂಟೆ ಬಿಡು. ಚೀಲಗಳನ್ನೆಲ್ಲ ಬಿಚ್ಚು, ಮುಖ್ಯವಾಗಿ ಏರ್ ಫಿಲ್ಟರ್ ಬಾಯಿಯದ್ದು. ಬಟ್ಟೆ, ಬ್ರಷ್ ಏನೂ ಒಳಗೆ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡು ನೆಗೆಟಿವ್ ಜೋಡಿಸು. ಕಾರನ್ನು ಬಯಲಲ್ಲಿ ಇಟ್ಟು ಸ್ಟಾರ್ಟ್ ಮಾಡಿ 10-15 ನಿಮಿಷ ಐಡಲ್‌ನಲ್ಲಿ ಬಿಡು. ಮುಚ್ಚಿದ ಗ್ಯಾರೇಜಿನಲ್ಲಿ ಬೇಡ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ವಾಸನೆಯೂ ಬರುವುದಿಲ್ಲ. ಬೆಲ್ಟ್ ಒಂದು ಕ್ಷಣ ಕಿರ್ ಅಂದರೆ ಹೆದರಬೇಡ, ಒದ್ದೆ ಆರಿದರೆ ನಿಲ್ಲುತ್ತದೆ. ಎಂಜಿನ್ ನಡುಗಿ ಚೆಕ್ ಎಂಜಿನ್ ಲೈಟ್ ಮಿಣುಕ್ ಮಿಣುಕ್ ಅಂದರೆ ಮಾತ್ರ ಕೂಡಲೇ ಆಫ್ ಮಾಡು. ಮಿಸ್ ಹೊಡೆಯುತ್ತಿದೆ ಅಂತ ಅದರ ಅರ್ಥ. ಉರಿಯದ ಪೆಟ್ರೋಲ್ ಎಕ್ಸಾಸ್ಟಿನಲ್ಲಿ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನೇ ಹಾಳು ಮಾಡುತ್ತದೆ. ಇನ್ನಷ್ಟು ಹೊತ್ತು ಒಣಗಲು ಬಿಟ್ಟು ನೋಡು, ಆಗಲೂ ಹಾಗೇ ಇದ್ದರೆ ಓಡಿಸದೆ ಮೆಕ್ಯಾನಿಕ್ಕನ್ನು ಕರೆಸು.

ಇಷ್ಟಾದ ಮೇಲೆ ಒಂದು ವಾರ ಎಂದಿನಂತೆ ಓಡಿಸು. ಆಮೇಲೆ ಎಂಜಿನ್ ತಣ್ಣಗಿರುವಾಗ ಮತ್ತೆ ಬಾನೆಟ್ ಎತ್ತಿ ಟಾರ್ಚ್ ಬಿಡು. ಕಂದು ಅಥವಾ ಕಪ್ಪು ಜಿಡ್ಡು ಹೊಸದಾಗಿ ಕಂಡರೆ ಎಂಜಿನ್ ಆಯಿಲ್. ಹಸಿರು, ಗುಲಾಬಿ, ಕಿತ್ತಳೆ ಬಣ್ಣದ ಕಲೆ ಕಂಡರೆ ಕೂಲೆಂಟ್ ಇರಬೇಕು. ಬ್ರೇಕ್ ಆಯಿಲ್ ಡಬ್ಬಿಯ ಕೆಳಗೆ ಪೇಂಟ್ ಎದ್ದಿದ್ದರೆ ಅದು ಸೋರುತ್ತಿದೆ, ಅದನ್ನು ಮರುದಿನಕ್ಕೂ ಮುಂದೂಡಬೇಡ. ನಿನ್ನ ಮೆಸೇಜ್ ಓದಿದರೆ ಎಂಜಿನ್ನಿನ ಮೇಲಿನ ಮುಚ್ಚಳದ (ವಾಲ್ವ್ ಕವರ್) ಅಂಚಿನಲ್ಲಿ ಎಣ್ಣೆ ಒಸರುತ್ತಿರಬಹುದು ಅನ್ನಿಸುತ್ತದೆ. ಹಳೇ ಕಾರಿನಲ್ಲಿ ಅಲ್ಲಿ ಎಣ್ಣೆ ತಡೆಯುವ ಗ್ಯಾಸ್ಕೆಟ್ ಪಟ್ಟಿ ಗಟ್ಟಿಯಾಗುವುದು ಮಾಮೂಲಿ, ದೊಡ್ಡ ರಿಪೇರಿ ಏನಲ್ಲ. ಒರೆಸುವ ಮುಂಚಿನದು ಒಂದು, ವಾರದ ನಂತರದ್ದು ಒಂದು, ಎರಡೂ ಫೋಟೋ ಕಳಿಸು. ಗ್ಯಾರೇಜಿಗೆ ಹೋಗುವ ಮುಂಚೆ ಇಬ್ಬರೂ ಕೂತು ನೋಡೋಣ.

ಇಂತಿ,
ನಿನ್ನ ಗೆಳೆಯ