ತಿಪ್ಪೇಶನಿಗೆ, ಅಂಡಮಾನಿನ ಚಪ್ಪಲಿ ವಿಚಾರ

ಪ್ರೀತಿಯ ತಿಪ್ಪೇಶ,

ಅಮ್ಮನನ್ನು ಕರೆದುಕೊಂಡು ಅಂಡಮಾನಿಗೆ ಹೊರಟಿದ್ದೀಯ ಅಂತ ತಿಳಿದು ತುಂಬಾ ಖುಷಿಯಾಯಿತು. ಸಮುದ್ರ ನೋಡಬೇಕು ಅಂತ ಅವರು ಎಷ್ಟು ವರ್ಷದಿಂದ ಹೇಳುತ್ತಿದ್ದರು. ಟಿಕೆಟ್, ರೂಮು ಎಲ್ಲ ಆಗಿದೆ, ಕಾಲಿಗೆ ಏನು ಹಾಕಿಕೊಳ್ಳೋದು ಅಂತ ಮಾತ್ರ ಗೊತ್ತಾಗ್ತಿಲ್ಲ ಅಂದೆಯಲ್ಲ, ಅದಕ್ಕೇ ಈ ಪತ್ರ. ನಮ್ಮ ಕಡೆಯಿಂದ ಹೋಗೋ ಬೇರೆಯವರಿಗೂ ಉಪಯೋಗವಾಗಲಿ ಅಂತ ಎಲ್ಲರೂ ಓದೋ ಹಾಗೆ ಇಲ್ಲೇ ಹಾಕಿದ್ದೇನೆ.

ನೀನು ಮೆತ್ತಗಿರೋ ಚಪ್ಪಲಿ ಕೇಳಿದ್ದೀಯ. ಮೆತ್ತಗಿರಲಿ, ಬೇಡ ಅನ್ನಲ್ಲ. ನಾನು ಹೇಳೋದು ಮುಂದೆ ಬೆರಳು ಮುಚ್ಚಿರೋ ಸ್ಯಾಂಡಲ್. ಆದರೆ ಅದಕ್ಕಿಂತ ಮೊದಲು, ಬೇಗ ಒಣಗುತ್ತಾ ಅಂತ ನೋಡು. ದುರ್ಗ, ದಾವಣಗೆರೆ ಬಿಸಿಲಲ್ಲಿ ಬೆಳೆದ ನಮಗೆ ಇದು ತಲೆಗೇ ಹೊಳೆಯೋದಿಲ್ಲ. ದುರ್ಗದಲ್ಲಿ ವರ್ಷವೆಲ್ಲ ಸೇರಿ 600 ಮಿಲಿಮೀಟರ್ ಆಸುಪಾಸು ಮಳೆ, ರಾತ್ರಿ ತೊಳೆದು ಜಗಲಿ ಮೇಲಿಟ್ಟ ಶೂ ಬೆಳಿಗ್ಗೆ ಏಳೋ ಹೊತ್ತಿಗೆ ಒಣಗಿರುತ್ತದೆ. ಅಂಡಮಾನಿನಲ್ಲಿ ಸುಮಾರು 3000 ಮಿಲಿಮೀಟರ್, ಮಳೆ ನಿಂತ ದಿನವೂ ಗಾಳಿ ತೇವವಾಗೇ ಇರುತ್ತದೆ, ಹಗ್ಗದ ಮೇಲೆ ಹಾಕಿದ ಟವೆಲ್ಲೇ ಒಣಗೋದಿಲ್ಲ, ಇನ್ನು ದಪ್ಪ ಶೂ ಎಲ್ಲಿ ಒಣಗಬೇಕು? ಕಾಲು ಸದಾ ಒದ್ದೆಯಾಗಿದ್ದರೆ ಚರ್ಮ ನೆಂದು ಮೆತ್ತಗಾಗುತ್ತದೆ. ನೆಂದ ಚರ್ಮಕ್ಕೆ ಪಟ್ಟಿ ಉಜ್ಜಿದರೆ ಬೊಬ್ಬೆ, ಬೆರಳ ಸಂದಿಯಲ್ಲಿ ಕೆಸರುಹುಣ್ಣು. ಆಮೇಲೆ ಚಪ್ಪಲಿ ಎಷ್ಟು ಮೆತ್ತಗಿದ್ದು ಏನು ಬಂತು.

ಹಾಗಾಗಿ ಚರ್ಮದ್ದು ಬೇಡ. ನೋಡೋಕೆ ಚೆನ್ನಾಗಿರುತ್ತೆ ಅಂತ ಅಂಗಡಿಯವರು ಅದನ್ನೇ ಮುಂದಿಡುತ್ತಾರೆ, ಒಪ್ಪಿಕೊಳ್ಳಬೇಡ. ಪಾಲಿಯೆಸ್ಟರ್ ಪಟ್ಟಿ ಇರೋದು ತಗೋ, ಅದು ನೀರು ಹೀರೋದು ಕಡಿಮೆ. ಪಟ್ಟಿಯ ಒಳಗಡೆ ದಪ್ಪ ಸ್ಪಂಜು ಇದೆಯಾ ಅಂತ ಬೆರಳಲ್ಲಿ ಒತ್ತಿ ನೋಡು. ಇದ್ದರೆ ಬೇಡ. ಹಾಕಿಕೊಂಡಾಗ ಹಾಯಾಗಿರುತ್ತದೆ, ಆದರೆ ಒಮ್ಮೆ ನೆಂದರೆ ನೀರನ್ನು ಬಿಡೋದೇ ಇಲ್ಲ. ಅಕ್ಕಪಕ್ಕ ನೀರು ಹರಿದು ಹೋಗೋಕೆ ದಾರಿ ಇರಬೇಕು.

ಇನ್ನು, ಸ್ಯಾಂಡಲ್ಲಿನ ಮುಂಭಾಗ ಬೆರಳು ಮುಚ್ಚೋ ಹಾಗೆ ಯಾಕಿರಬೇಕು ಅನ್ನೋದು. ನೀವು ನೀಲ್ ದ್ವೀಪಕ್ಕೂ ಹೋಗ್ತೀರ ಅಲ್ವಾ, 2018ರಿಂದ ಅದರ ಹೆಸರು ಶಹೀದ್ ದ್ವೀಪ. ಅಲ್ಲಿನ ಕಲ್ಲಿನ ಕಮಾನು ನೋಡಬೇಕಾದರೆ ಸಮುದ್ರದ ನೀರು ಇಳಿದ ಹೊತ್ತಲ್ಲೇ ಹೋಗಬೇಕು. ನಡೆಯೋ ಜಾಗ ಮರಳಲ್ಲ, ಸತ್ತ ಹವಳದ ಬಂಡೆ. ಮೇಲೆಲ್ಲ ಪಾಚಿ, ಅಂಚು ಮಾತ್ರ ಚಾಕು. ನಡುನಡುವೆ ಮೊಣಕಾಲ ಕೆಳಗಿನಷ್ಟು ನೀರು ನಿಂತಿರೋ ಗುಂಡಿ, ಅದರೊಳಗೆ ಮುಳ್ಳಿನ ಸಮುದ್ರ ಜೀವಿಗಳೂ ಇರಬಹುದು. ಬೆರಳು ಬಿಟ್ಟ ಚಪ್ಪಲಿಯಲ್ಲಿ ಅಲ್ಲಿ ಎಡವಿದರೆ ಹೆಬ್ಬೆರಳ ಉಗುರು ಉಳಿಯೋದಿಲ್ಲ. ಬರಾಟಾಂಗ್ ದ್ವೀಪದ ಸುಣ್ಣದ ಕಲ್ಲಿನ ಗುಹೆಗೂ ದೋಣಿ ಇಳಿದ ಮೇಲೆ ಕಾಡಿನ ದಾರಿಯಲ್ಲಿ ನಡೆಯೋದಿದೆ, ಬೇರು, ಕಲ್ಲು, ಮಳೆ ಬಂದಿದ್ದರೆ ಕೆಸರು.

ಈ ಥರದ ಸ್ಯಾಂಡಲ್ ಹೆಸರಾಗಿದ್ದು 2003ರಲ್ಲಿ ಅಮೆರಿಕದ ಕೀನ್ ಕಂಪನಿ ನ್ಯೂಪೋರ್ಟ್ ಅನ್ನೋದನ್ನು ತಂದ ಮೇಲೆ. ಅಡಿಯ ಸೋಲಿನ ರಬ್ಬರನ್ನೇ ಮುಂದೆ ಮೇಲಕ್ಕೆಳೆದು ಬೆರಳಿಗೆ ಕಟ್ಟೆ ಕಟ್ಟಿದ ಹಾಗೆ ಮಾಡಿದ್ದರು. ಈಗ ಅದೇ ಮಾದರಿಯದ್ದು ಕಡಿಮೆ ಬೆಲೆಗೂ ಸಿಗುತ್ತದೆ. ಹೆಸರು ನೋಡಬೇಡ, ಆ ಮುಂದಿನ ರಬ್ಬರನ್ನು ಹೆಬ್ಬೆರಳಿಂದ ಜೋರಾಗಿ ಒತ್ತು. ತಗ್ಗಿ ಒಳಗೆ ಹೋಗಿಬಿಟ್ಟರೆ ಅದು ಬರೀ ಅಂದಕ್ಕೆ. ಸೋಲನ್ನೂ ಉಗುರಿಂದ ಒತ್ತಿ ನೋಡು, ಗಟ್ಟಿ ಪ್ಲಾಸ್ಟಿಕ್ಕಿನಂಥದ್ದು ಒದ್ದೆ ಕಲ್ಲಿನ ಮೇಲೆ ಜಾರುತ್ತದೆ. ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರೆ ಬೆರಳು ಮಡಚೋ ಜಾಗದಲ್ಲಿ ಬಾಗಬೇಕು. ಮಧ್ಯಕ್ಕೆ ಮಡಚಿಕೊಂಡರೆ ಸಂಜೆಗೆ ಪಾದ ಸೋತು ಹೋಗುತ್ತದೆ.

ಅಮ್ಮನ ವಿಷಯ ಸ್ವಲ್ಪ ಗಮನ ಕೊಟ್ಟು ಓದು. ಅವರಿಗೆ ಶುಗರ್ ಇದೆ, ಪಾದ ಜೋಮು ಹಿಡಿದ ಹಾಗಿರುತ್ತೆ ಅಂತ ಅವರೇ ಹೇಳಿದ್ದರು. ಅಂಥವರಿಗೆ ಚಪ್ಪಲಿ ಕಚ್ಚಿದರೂ ನೋವು ಗೊತ್ತಾಗೋದಿಲ್ಲ, ಗಾಯ ದೊಡ್ಡದಾದ ಮೇಲೇ ಕಾಣೋದು. ತಗೊಳ್ಳುವಾಗ ಸ್ಯಾಂಡಲ್ ಒಳಗೆ ನೀನೇ ಕೈ ಹಾಕಿ ಸುತ್ತ ಸವರು. ಹೊಲಿಗೆಯ ಗಂಟು, ಗಮ್ಮಿನ ಗೆರೆ, ಯಾವುದೂ ಕೈಗೆ ತಾಕಬಾರದು. ಮುಂಭಾಗ ಅಗಲವಾಗಿರಲಿ. ಅಲ್ಲಿ ದಿನಾ ಹಾಕಿಕೊಳ್ಳೋ ಮೊದಲು ಒಳಗೆ ಮರಳು, ಕಲ್ಲು ಇಲ್ಲದ ಹಾಗೆ ಕೊಡವಿ ಕೊಡು. ರಾತ್ರಿ ಮಲಗೋ ಮುಂಚೆ ಅವರ ಪಾದದ ಅಡಿ, ಬೆರಳ ಸಂದಿ ಮೊಬೈಲ್ ಟಾರ್ಚ್ ಹಾಕಿ ನೋಡು. ನಾಚಿಕೊಂಡು ಬೇಡ ಅಂತಾರೆ, ಬಿಡಬೇಡ. ಹೊರಡೋ ಮುಂಚೆ ಒಮ್ಮೆ ಡಾಕ್ಟರಿಗೂ ಪಾದ ತೋರಿಸಿಬಿಡು. ಹವಳದ ಬಂಡೆಯ ಮೇಲೆ ಮಾತ್ರ ಅವರನ್ನು ನಡೆಸಲೇಬೇಡ ಕಣೋ, ದಡದಲ್ಲಿ ಕೂರಿಸು. ಸಮುದ್ರ ಅಲ್ಲಿಂದಲೂ ಚೆನ್ನಾಗೇ ಕಾಣುತ್ತದೆ.

ಅಳತೆಗೆ ಅಂಗಡಿಗೆ ಸಂಜೆ ಹೋಗಿ. ಸೆಕೆಗೆ, ಓಡಾಟಕ್ಕೆ ಪಾದ ಊದಿಕೊಳ್ಳುತ್ತದೆ, ಬೆಳಿಗ್ಗೆ ಸರಿಹೋದದ್ದು ಸಂಜೆಗೆ ಬಿಗಿ. ಎರಡು ಪಾದವೂ ಒಂದೇ ಅಳತೆ ಇರೋದಿಲ್ಲ, ದೊಡ್ಡದಿರೋ ಕಾಲಿಗೆ ತಗೋ. ನಿಂತಾಗ ಬೆರಳ ಮುಂದೆ ಅರ್ಧ ಇಂಚು ಜಾಗ ಇರಲಿ, ಹಿಮ್ಮಡಿ ಮಾತ್ರ ಅಲ್ಲಾಡಬಾರದು. ಮಂಡಿಪೇಟೆಯ ಅಂಗಡಿಗಳನ್ನು ಸುತ್ತಿ ಸಿಗದೆ ಆನ್‌ಲೈನಲ್ಲಿ ತರಿಸಿದರೆ, ಮೊದಲು ಮನೆಯೊಳಗೆ ಮಾತ್ರ ಹಾಕಿ ನಡೆದು ನೋಡಿ, ವಾಪಸ್ ಕೊಡೋಕೆ ಆಗೋ ಹಾಗೆ.

ಸರಿಹೋಯಿತು ಅನಿಸಿದ ಮೇಲೆ ಅದನ್ನೇ ಹಾಕಿಕೊಂಡು ದುರ್ಗಕ್ಕೆ ಬಾ. ಕೋಟೆ ಹತ್ತೋಣ. ಹತ್ತುವಾಗ ಏನೂ ಗೊತ್ತಾಗೋದಿಲ್ಲ, ಗೋಪಾಲಸ್ವಾಮಿ ಹೊಂಡದ ಕಡೆಯಿಂದ ಇಳಿಯುವಾಗ ನೋಡು. ಬೆರಳು ಹೋಗಿ ಮುಂದೆ ಗುದ್ದುತ್ತಿದ್ದರೆ ಒಂದೋ ಹಿಮ್ಮಡಿ ಪಟ್ಟಿ ಸಡಿಲ, ಇಲ್ಲಾ ಸೈಜು ಚಿಕ್ಕದು. ಒಂದು ಬಾಟಲ್ ನೀರು ಸುರಿದು ಒದ್ದೆ ಮಾಡಿಕೊಂಡೂ ಸ್ವಲ್ಪ ದೂರ ನಡಿ. ಎಲ್ಲಿ ಉಜ್ಜುತ್ತೆ ಅನ್ನೋದು ಇಲ್ಲೇ ಗೊತ್ತಾದರೆ ಒಳ್ಳೆಯದು.

ಈ ಸ್ಯಾಂಡಲ್ಲಿನಲ್ಲಿ ಒಂದು ತೊಂದರೆಯೂ ಇದೆ. ಮುಂದೆ ಮುಚ್ಚಿರೋದರಿಂದ ಒಳಗೆ ಹೋದ ಮರಳು ತಾನಾಗಿ ಹೊರಗೆ ಬರೋದಿಲ್ಲ, ಬಿಚ್ಚಿ ಕೊಡವಲೇಬೇಕು. ಮರಳಿನ ದಡಕ್ಕೆ ಅಂತ ನಿನಗೆ ಒಂದು ಜೊತೆ ಹವಾಯಿ ಚಪ್ಪಲಿ ಬ್ಯಾಗಲ್ಲಿರಲಿ. ವೆಲ್ಕ್ರೊ ಪಟ್ಟಿಯಲ್ಲೂ ಮರಳು ತುಂಬಿಕೊಂಡು ಅಂಟೋದು ಬಿಡುತ್ತದೆ, ಹಳೇ ಹಲ್ಲುಜ್ಜೋ ಬ್ರಷ್ ಇಟ್ಟುಕೋ. ಸಮುದ್ರದಿಂದ ಬಂದ ಕೂಡಲೇ ಸಿಹಿನೀರಲ್ಲಿ ತೊಳೆ, ಉಪ್ಪು ಕಟ್ಟಿದ ಪಟ್ಟಿ ಗರಗಸದ ಹಾಗೆ ಕೊರೆಯುತ್ತದೆ. ಒಳಗೆ ಪೇಪರ್ ತುರುಕಿ ಫ್ಯಾನ್ ಕೆಳಗಿಡು. ಕಡು ಬಿಸಿಲಲ್ಲಿ ಒಣಗಿಸಿದರೆ ಸೋಲಿನ ಅಂಟು ಬಿಡುತ್ತದೆ.

ಅಮ್ಮನ ಎರಡೂ ಪಾದವನ್ನು ಇವತ್ತು ಸಂಜೆ ಹಾಳೆ ಮೇಲೆ ನಿಲ್ಲಿಸಿ ಗೆರೆ ಎಳೆದು ಫೋಟೊ ಕಳಿಸು, ಪಕ್ಕದಲ್ಲಿ ಸ್ಕೇಲ್ ಇರಲಿ. ಇಲ್ಲಿನ ಅಂಗಡಿಗಳಲ್ಲೂ ನಾನು ವಿಚಾರಿಸುತ್ತೇನೆ. ಹೊಸದನ್ನು ಹಾಕಿ ಪಳಗಿಸೋಕೆ ಅವರಿಗೆ ಎರಡು ವಾರವಾದರೂ ಬೇಕು, ತಡ ಮಾಡಬೇಡ.

ನಿನ್ನ
ದುರ್ಗದ ಗೆಳೆಯ